ರಾಜ್ಯಪಾಲರಿಗೆ ನಮ್ಮ ಕಡೆ ಒಂದು ಕೆಲಸವಿದೆ

ಅಧಿಕಾರವಿಲ್ಲದ ದೊರೆ ಹೇಗಿರುತ್ತಾನೆ ಅಂತ ರಾಯಚೂರು, ಕೊಪ್ಪಳ ಸೀಮೆಯ ಹಿರೀಕರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. 1948ರ ಸೆಪ್ಟೆಂಬರ್ ತನಕ ನಿಜಾಮ ಉಸ್ಮಾನ್ ಅಲಿ ಖಾನರ ಫರ್ಮಾನು ಅಂದರೆ ಅದೇ ಕಾನೂನು. ಪೊಲೀಸ್ ಕಾರ್ಯಾಚರಣೆ ಆಯಿತು, ನಿಜಾಮರ ಪರ ನಿಂತಿದ್ದ ರಜಾಕಾರ ಪಡೆಯ ಕಾಟ ತಪ್ಪಿತು, ಜನರಲ್ ಚೌಧರಿ ಬಂದು ಆಡಳಿತ ಹಿಡಿದರು. ಆದರೆ ನಿಜಾಮರು ಎಲ್ಲಿಗೂ ಹೋಗಲಿಲ್ಲ. ಭಾರತದ ಸಂವಿಧಾನವನ್ನು ಒಪ್ಪಿದ್ದೇನೆ ಅಂತ 1949ರ ನವೆಂಬರಿನಲ್ಲಿ ತಾವೇ ಒಂದು ಫರ್ಮಾನು ಹೊರಡಿಸಿ, 1950ರ ಜನವರಿ 26ರಿಂದ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರ ಜಾಗದಲ್ಲಿ, ಕೂತರು. 1952ರಲ್ಲಿ ಚುನಾವಣೆ ಆಗಿ ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಯಾದರು. ರಾಜ್ಯ ನಡೆಸುವವರು ಅವರು, ಸಹಿ ಹಾಕುವವರು ಇವರು. ತಲೆ ತೆಗೆ ಅಂದರೆ ತೆಗೆಯುತ್ತಿದ್ದ ಮನೆತನದ ಕೈಯಲ್ಲಿ ಉಳಿದದ್ದು ಪೆನ್ನು ಒಂದೇ.

ಬಳ್ಳಾರಿಯವರದು ಬೇರೆ ದಾರಿ. ಮದ್ರಾಸ್ ಗವರ್ನರರ ಕೆಳಗಿದ್ದವರು 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರಿದರು. ಅಲ್ಲಿ ರಾಜಪ್ರಮುಖರು ಜಯಚಾಮರಾಜ ಒಡೆಯರು. ಮೂರು ವರ್ಷ ಕಳೆದು 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯೂ (ಆಗ ಕೊಪ್ಪಳವೂ ಅದರೊಳಗೇ) ವಿಶಾಲ ಮೈಸೂರಿಗೆ ಬಂತು, ಒಡೆಯರು ಅದರ ರಾಜ್ಯಪಾಲರಾದರು. ಅಂದರೆ ನಮ್ಮವರು ರಾತ್ರಿ ಬೆಳಗಾಗುವುದರೊಳಗೆ ಒಬ್ಬ ಮಹಾರಾಜರ ಕಡೆಯಿಂದ ಇನ್ನೊಬ್ಬ ಮಹಾರಾಜರ ಕಡೆಗೆ ಹೋದರು. ಇಬ್ಬರಿಗೂ ಅಧಿಕಾರವಿರಲಿಲ್ಲ!

ಇದೆಲ್ಲ ಈಗ ಯಾಕೆ ಅಂದರೆ, ನಮ್ಮ ಅಕ್ಕನ ಮಗ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ: "ಮಾಮಾ, ರಾಷ್ಟ್ರಪತಿ ಬಗ್ಗೆ ಪುಟಗಟ್ಟಲೆ ಐತಿ, ಬಾಯಿಪಾಠ ಮಾಡಿ ಸಾಕಾತು. ಕೆಲಸ ನೋಡಿದ್ರ ಸಹಿ ಹಾಕೋದೊಂದ. ರಾಜ್ಯಪಾಲರು ಅದಕ್ಕೂ ತಕರಾರು ತೆಗೀತಾರ. ಇಬ್ಬರನ್ನೂ ತೆಗೆದ್ರ ಯಾರ ಗಂಟು ಹೋಗ್ತೈತಿ?" ಅವರಮ್ಮ, ಅಂದರೆ ನಮ್ಮಕ್ಕ, "ನೀ ಮೊದಲ ಪಾಸಾಗು, ಆಮ್ಯಾಲೆ ತೆಗಿವಂತಿ" ಅಂದಳು. ಚರ್ಚೆ ಅಲ್ಲಿಗೆ ನಿಂತಿತು. ನನ್ನ ತಲೆಯಲ್ಲಿ ನಿಲ್ಲಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತಾಳ್ಮೆ ಇದ್ದವರು ಓದಿ.

ಹುಡುಗ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯೇ. ಅದು ಹಾಗಿರಲಿ ಅಂತಲೇ ಮಾಡಿದ್ದು. 1948ರ ನವೆಂಬರಿನಲ್ಲಿ ಕರಡನ್ನು ಸಂವಿಧಾನ ಸಭೆಯ ಮುಂದಿಟ್ಟಾಗಲೇ ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದ್ದರು: ನಮ್ಮ ರಾಷ್ಟ್ರಪತಿಯದು ಇಂಗ್ಲೆಂಡಿನ ಅರಸನ ಸ್ಥಾನ, ದೇಶವನ್ನು ಪ್ರತಿನಿಧಿಸುತ್ತಾರೆ, ಆಳುವುದಿಲ್ಲ. ಇಷ್ಟಿದ್ದೂ ಅನುಮಾನ ಉಳಿಯಬಾರದು ಅಂತ 1976ರ 42ನೇ ತಿದ್ದುಪಡಿಯಲ್ಲಿ, ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದು ಅಂತ ಬರೆದುಬಿಟ್ಟರು. 1978ರ 44ನೇ ತಿದ್ದುಪಡಿ ಒಂದೇ ಒಂದು ಕಿಂಡಿ ತೆಗೆಯಿತು. ಬಂದ ಸಲಹೆಯನ್ನು ಒಮ್ಮೆ, ಒಮ್ಮೆ ಮಾತ್ರ, 'ಮತ್ತೆ ನೋಡಿ' ಅಂತ ವಾಪಸ್ ಕಳಿಸಬಹುದು. ಮತ್ತೆ ಅದೇ ಬಂದರೆ ಸಹಿ ಹಾಕಲೇಬೇಕು.

ಹೆಸರು ಮಾತ್ರ ಎಲ್ಲ ಕಡೆ ಅವರದೇ. ಪೇಪರಿನಲ್ಲಿ ಬರುವ ರೈಲ್ವೆ ಟೆಂಡರ್ ಜಾಹೀರಾತು ನೋಡಿ, ಹಳಿಯ ಪಕ್ಕದ ಚರಂಡಿ ಕೆಲಸವಿದ್ದರೂ 'ಭಾರತದ ರಾಷ್ಟ್ರಪತಿಯವರ ಪರವಾಗಿ' ಅಂತ ಶುರುವಾಗುತ್ತದೆ. ನಮ್ಮ ಹೊಲಕ್ಕೆ ನೀರು ಬಿಡುವ ಲೆಕ್ಕ ನೋಡುವ ತುಂಗಭದ್ರಾ ಮಂಡಳಿ ಇದೆಯಲ್ಲ, ಅದು 1953ರ ಆಂಧ್ರ ರಾಜ್ಯ ಕಾಯ್ದೆಯಡಿ ರಾಷ್ಟ್ರಪತಿಯವರೇ ರಚಿಸಿದ್ದು. ರಾಜ್ಯದ ಯಾವುದೇ ಸರ್ಕಾರಿ ಆದೇಶದ ಕೊನೆಗೆ ಹೋಗಿ, 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ ಇರುತ್ತದೆ, ಕೆಳಗೆ ಅಧೀನ ಕಾರ್ಯದರ್ಶಿಯ ಸಹಿ. ರಾಜ್ಯಪಾಲರು ಆ ಕಾಗದ ಕಂಡೇ ಇರುವುದಿಲ್ಲ. ನಮ್ಮಲ್ಲಿ ಧರಣಿ ಕೂತವರು ಡಿಸಿ ಆಫೀಸಿನ ಮುಂದೆ ಬೆಳೆವಿಮೆಗೂ ಬೋರ್‌ವೆಲ್ಲಿಗೂ 'ಘನತೆವೆತ್ತ ರಾಷ್ಟ್ರಪತಿಗಳಿಗೆ, ಜಿಲ್ಲಾಧಿಕಾರಿಗಳ ಮುಖಾಂತರ' ಅಂತ ಮನವಿ ಪತ್ರ ಕೊಡುವುದಕ್ಕೆ ಈ ಹೆಸರಿನ ಭಾರವೇ ಕಾರಣ ಇರಬೇಕು.

ಹಾಗಾದರೆ ಉಳಿದ ಕಾಲು ಪಾಲು ಏನು? ಓದಿ ಕೇಳುವುದು. ಸಹಿ ಹಾಕುವ ಮುನ್ನ 'ಇದು ಯಾಕೆ?' ಅಂತ ಕೇಳುವುದು. ಸಣ್ಣದು ಅನ್ನಿಸುತ್ತದೆ. ಕೇಳದೇ ಇದ್ದಾಗ ಏನಾಯಿತು ಅಂತ ನೋಡಿದರೆ ಸಣ್ಣದಲ್ಲ.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಆಗ ಮಂತ್ರಿಮಂಡಲ ಸಭೆಯನ್ನೇ ಸೇರಿರಲಿಲ್ಲ. ಸಂಪುಟ ಒಪ್ಪಿದ್ದು ಮರುದಿನ ಬೆಳಿಗ್ಗೆ. 'ಸಂಪುಟದ ನಿರ್ಣಯ ಎಲ್ಲಿ?' ಅಂತ ಅವರು ಕೇಳಿದ್ದರೆ ತುರ್ತು ಪರಿಸ್ಥಿತಿ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಇಂದಿರಾ ಗಾಂಧಿಯವರ ಮುಂದೆ ಯಾವ ಮಂತ್ರಿ ಬಾಯಿ ಬಿಡುತ್ತಿದ್ದ? ಆದರೂ ಕೇಳಬೇಕಿತ್ತು. ಆಮೇಲೆ 44ನೇ ತಿದ್ದುಪಡಿಯಲ್ಲಿ, ಸಂಪುಟದ ನಿರ್ಣಯ ಬರಹದಲ್ಲಿ ಬಾರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ ಅಂತ ಸೇರಿಸಬೇಕಾಯಿತು. ನಮ್ಮ ತುರ್ತು ಪರಿಸ್ಥಿತಿಯ ಮರುವರ್ಷ, 1976ರಲ್ಲಿ, ಐರ್ಲೆಂಡಿನಲ್ಲೂ ಒಂದು ತುರ್ತು ಅಧಿಕಾರದ ಮಸೂದೆ ಬಂತು. ಅಲ್ಲಿನ ಅಧ್ಯಕ್ಷ ಓ ಡಾಲಿ ಸಹಿ ಹಾಕುವ ಮುನ್ನ ಅದನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ರಕ್ಷಣಾ ಮಂತ್ರಿ ಬಹಿರಂಗವಾಗಿ ಬೈದ. ಆ ಮಂತ್ರಿಯನ್ನು ಸರ್ಕಾರ ಉಳಿಸಿಕೊಂಡಿತು, ಓ ಡಾಲಿ ತಮ್ಮ ಪೀಠದ ಮರ್ಯಾದೆ ಮುಖ್ಯ ಅಂತ ರಾಜೀನಾಮೆ ಕೊಟ್ಟು ನಡೆದರು.

ಇನ್ನು ನಮ್ಮವರೇ ಆದ ಬಿ.ಡಿ. ಜತ್ತಿಯವರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಫಕ್ರುದ್ದೀನರು 1977ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜನತಾ ಸರ್ಕಾರ ಗೆದ್ದು ಬಂದು ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಫೈಲು ಕಳಿಸಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲವೆದ್ದಿತು. ಕೊನೆಗೆ ಏಪ್ರಿಲ್ 30ಕ್ಕೆ ಸಹಿ ಬಿತ್ತು. ಹಳೆಯ ಪಕ್ಷದ ಋಣ ತೀರಿಸಲು ಎಳೆದಾಡಿದರು ಅಂತ ಬೈದವರಿದ್ದಾರೆ. ಇರಬಹುದು. ಆದರೆ ಅಷ್ಟು ರಾಜ್ಯಗಳ ಶಾಸಕರನ್ನು ಒಂದೇ ಏಟಿಗೆ ಮನೆಗೆ ಕಳಿಸುವ ಕಾಗದದ ಮುಂದೆ ಒಂದು ರಾತ್ರಿ ಯೋಚಿಸಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. 2005ರಲ್ಲಿ ಬಿಹಾರ ವಿಧಾನಸಭೆಯ ವಿಸರ್ಜನೆಯ ಕಾಗದ ಮಾಸ್ಕೋದಲ್ಲಿದ್ದ ಅಬ್ದುಲ್ ಕಲಾಮರ ಬಳಿ ಹೋಯಿತು, ಅಲ್ಲಿಂದಲೇ ಒಪ್ಪಿಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ವಿಸರ್ಜನೆಯೇ ಅಸಾಂವಿಧಾನಿಕ ಅಂದಿತು. ಅದೇ ಕಲಾಮರು 2006ರಲ್ಲಿ, ಸಂಸದರು ಕೆಲವು ಸರ್ಕಾರಿ ಹುದ್ದೆಗಳಲ್ಲಿದ್ದರೂ ಸದಸ್ಯತ್ವ ಹೋಗದಂತೆ ಮಾಡುವ ಲಾಭದಾಯಕ ಹುದ್ದೆಯ ಮಸೂದೆಯನ್ನು ಸಂಸತ್ತಿಗೆ ವಾಪಸ್ ಕಳಿಸಿದರು. ಸಂಸತ್ತು ಅದನ್ನೇ ಮತ್ತೆ ಕಳಿಸಿತು, ಅವರು ಸಹಿ ಹಾಕಿದರು. ಸೋತರು ಅನ್ನಬೇಡಿ, ಆ ನಡುವಿನ ದಿನಗಳಲ್ಲಿ ಯಾವ ಯಾವ ಸಂಸದ ಯಾವ ಯಾವ ಕುರ್ಚಿಯಲ್ಲಿ ಕೂತಿದ್ದಾನೆ ಅಂತ ದೇಶವೆಲ್ಲ ಓದಿತು.

ಗೆದ್ದದ್ದೂ ಉಂಟು. 1997ರಲ್ಲಿ ಉತ್ತರ ಪ್ರದೇಶಕ್ಕೆ ರಾಷ್ಟ್ರಪತಿ ಆಳ್ವಿಕೆ ಹೇರಿ ಅಂತ ಗುಜ್ರಾಲ್ ಸಂಪುಟ ಕಳಿಸಿದ ಶಿಫಾರಸನ್ನು ಕೆ.ಆರ್. ನಾರಾಯಣನ್ ವಾಪಸ್ ಕಳಿಸಿದರು, ಸಂಪುಟ ಸುಮ್ಮನೆ ಕೈಬಿಟ್ಟಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಅದೇ ಮಾತು ಹೇಳಿದರು. ಒಂದೇ ಪೆನ್ನು, ಎರಡು ಪಕ್ಷ. ನನ್ನ ಲೆಕ್ಕದಲ್ಲಿ ಆ ಕುರ್ಚಿಯಲ್ಲಿ ಕೂತವರಲ್ಲಿ ಅವರನ್ನು ಮೀರಿಸಿದವರಿಲ್ಲ. ಜೈಲ್ ಸಿಂಗರು ಮಾತ್ರ ನಮ್ಮ ಕಚೇರಿಗಳ ದಾರಿ ಹಿಡಿದರು: ಜನರ ಟಪಾಲು ಒಡೆದು ನೋಡಲು ಸರ್ಕಾರಕ್ಕೆ ಅವಕಾಶ ಕೊಡುವ 1986ರ ಅಂಚೆ ಮಸೂದೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಫೈಲಿನ ಮೇಲೆ ಕೂತುಬಿಟ್ಟರು. ಇಷ್ಟು ದಿನದೊಳಗೆ ಅಂತ ಸಂವಿಧಾನದಲ್ಲಿ ಎಲ್ಲೂ ಇಲ್ಲವಲ್ಲ. ಕೊನೆಗೆ 2002ರಲ್ಲಿ ಸರ್ಕಾರವೇ ಆ ಮಸೂದೆಯನ್ನು ಹಿಂತೆಗೆದುಕೊಂಡಿತು. ಫಲ ಒಳ್ಳೆಯದಾಯಿತು. ದಾರಿ ನನಗೆ ಹಿಡಿಸಲಿಲ್ಲ, ಯಾಕೆಂದರೆ ಅದೇ ದಾರಿಯಲ್ಲಿ ಈಗಿನ ಕೆಲವು ರಾಜ್ಯಪಾಲರು ವರ್ಷಗಟ್ಟಲೆ ಕೂರುತ್ತಿದ್ದಾರೆ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಮಸೂದೆಗಳ ಬಗ್ಗೆ ಇಷ್ಟು ದಿನದೊಳಗೆ ತೀರ್ಮಾನಿಸಿ ಅಂತ ಗಡುವು ಹಾಕಿತು. ಅದರ ಬಗ್ಗೆ ರಾಷ್ಟ್ರಪತಿಯವರು ಕೋರ್ಟಿಗೇ 14 ಪ್ರಶ್ನೆ ಕೇಳಿದರು. ನವೆಂಬರಿನಲ್ಲಿ ಐವರ ಪೀಠ, ಗಡುವು ಹಾಕುವುದು ನಮ್ಮ ಕೆಲಸವಲ್ಲ, ಆದರೆ ಕಾರಣ ಹೇಳದೆ ಕೊನೆಯಿಲ್ಲದೆ ಹಿಡಿದಿಡುವುದೂ ಸಲ್ಲದು ಅಂತ ಅಭಿಪ್ರಾಯ ಕೊಟ್ಟಿತು. ಹಗ್ಗವೂ ಹರಿಯಲಿಲ್ಲ, ಕೋಲೂ ಮುರಿಯಲಿಲ್ಲ.

ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಒಂದು ಫರಕು ಇದೆ, ಅದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ರಾಷ್ಟ್ರಪತಿ ಆರಿಸಿ ಬಂದವರು. ನಮ್ಮ ಶಾಸಕರೂ ಓಟು ಹಾಕುತ್ತಾರೆ, 1971ರ ಜನಗಣತಿಯ ಲೆಕ್ಕದಲ್ಲಿ ಕರ್ನಾಟಕದ ಒಬ್ಬ ಶಾಸಕರ ಓಟಿನ ಬೆಲೆ 131. ಈಗಿನ ರಾಯಚೂರು ಜಿಲ್ಲೆಯ ಏಳು, ಕೊಪ್ಪಳದ ಐದು, ಬಳ್ಳಾರಿಯ ಐದು ಸೇರಿದರೆ 2227. ರಾಷ್ಟ್ರಪತಿಯವರನ್ನು ಇಳಿಸಬೇಕೆಂದರೆ ಮಹಾಭಿಯೋಗವೇ ಆಗಬೇಕು. ರಾಜ್ಯಪಾಲರನ್ನು ಆರಿಸುವವರು ದಿಲ್ಲಿಯವರು, ಎತ್ತಿಹಾಕುವವರೂ ದಿಲ್ಲಿಯವರು. ಅದಕ್ಕೇ ರಾಜ್ಯಪಾಲರು ಒಂದು ಪ್ರಶ್ನೆ ಕೇಳಿದರೂ ಜನ ಮೊದಲು ಕೇಳುವುದು, ಇದು ಇವರ ಪ್ರಶ್ನೆಯೋ ಅವರ ಪ್ರಶ್ನೆಯೋ ಅಂತ. ಆ ಅನುಮಾನ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ರಾಜ್ಯಪಾಲ ವೆಂಕಟಸುಬ್ಬಯ್ಯನವರು ಕೇಳಲಿಲ್ಲ, ಸರ್ಕಾರ ಹೋಯಿತು. ಬಹುಮತ ಎಣಿಸುವ ಜಾಗ ರಾಜಭವನವಲ್ಲ, ಸದನ ಅಂತ 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ತೀರ್ಪು ಇವತ್ತಿಗೂ ದೇಶಕ್ಕೆಲ್ಲ ಬೊಮ್ಮಾಯಿ ಕೇಸು ಅಂತಲೇ ಪರಿಚಯ.

ಈಗ ಬಳ್ಳಾರಿಗೆ ಬರೋಣ. ಗಣಿ ಗದ್ದಲದ ದಿನಗಳಲ್ಲಿ ಹಂಸರಾಜ್ ಭಾರದ್ವಾಜ್ ರಾಜ್ಯಪಾಲರಾಗಿದ್ದರು. ಮೈಕು ಕಂಡರೆ ಸುಮ್ಮನೆ ಹೋಗುವವರಲ್ಲ. ಸರ್ಕಾರದ ಮೇಲೆ, ಬಳ್ಳಾರಿಯ ಮಂತ್ರಿಗಳ ಮೇಲೆ ಬಹಿರಂಗವಾಗಿಯೇ ಮಾತಾಡುತ್ತಿದ್ದರು. 2010ರ ಅಕ್ಟೋಬರಿನಲ್ಲಿ ಒಮ್ಮೆ, 2011ರ ಮೇನಲ್ಲಿ ಇನ್ನೊಮ್ಮೆ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಎರಡು ಸಲವೂ ಆಗಲಿಲ್ಲ. ಲಾರಿ ಧೂಳು ತಿಂದು ಬೇಸತ್ತ ನಮ್ಮ ಕಡೆಯ ಎಷ್ಟೋ ಜನ ಆಗ ಚಪ್ಪಾಳೆ ತಟ್ಟಿದ್ದು ನಿಜ, 'ಗವರ್ನರ್ ಅಂದ್ರ ಹಿಂಗಿರಬೇಕು ನೋಡ್ರಿ' ಅಂತ. ಆದರೆ ಗಣಿಗಾರಿಕೆಗೆ ಬೀಗ ಬಿದ್ದದ್ದು ರಾಜಭವನದ ಮಾತಿನಿಂದ ಅಲ್ಲ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂದಿತು, ತಿಂಗಳು ಮುಗಿಯುವ ದಿನ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಭಾರದ್ವಾಜರ ಗುಡುಗಿನಿಂದ ನಮ್ಮ ಹೊಲಕ್ಕೆ ಹನಿ ಬೀಳಲಿಲ್ಲ.

ಬಿದ್ದದ್ದು ಆಮೇಲೆ, ಅದೇ ಭಾರದ್ವಾಜರಿಂದ, ಸದ್ದಿಲ್ಲದೆ.

2012ರ ಕೊನೆಗೆ ಸಂಸತ್ತು 98ನೇ ತಿದ್ದುಪಡಿ ಪಾಸು ಮಾಡಿ ಸಂವಿಧಾನಕ್ಕೆ 371ಜೆ ಸೇರಿಸಿತು. ಪ್ರಣಬ್ ಮುಖರ್ಜಿ ಅಂಕಿತ ಹಾಕಿದರು. ಹಾಕದೇ ಇರುವ ಹಾಗೂ ಇರಲಿಲ್ಲ, ಸಂವಿಧಾನ ತಿದ್ದುಪಡಿಯ ಮಸೂದೆಯನ್ನು ರಾಷ್ಟ್ರಪತಿ ವಾಪಸ್ ಕಳಿಸುವಂತಿಲ್ಲ ಅಂತ 1971ರಲ್ಲೇ ಆಗಿಹೋಗಿದೆ. ತಮಾಷೆ ನೋಡಿ, ಆಯ್ಕೆಯೇ ಇಲ್ಲದ ಆ ಸಹಿಯಿಂದ ಬಂದ ವಿಧಿ ಒಬ್ಬ ಅಲಂಕಾರದ ಮುಖ್ಯಸ್ಥರ ಕೈಯಿಂದ ಇನ್ನೊಬ್ಬ ಅಲಂಕಾರದ ಮುಖ್ಯಸ್ಥರಿಗೆ ನಿಜವಾದ ಕೆಲಸ ಕೊಡಿಸುತ್ತದೆ. ಹೈದರಾಬಾದ್ ಕರ್ನಾಟಕದ (ರಾಯಚೂರು, ಕೊಪ್ಪಳ, ಬಳ್ಳಾರಿಯೂ ಸೇರಿದ ನಮ್ಮ ಸೀಮೆ) ವಿಷಯದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ಇರುತ್ತದೆ ಅಂತ ರಾಷ್ಟ್ರಪತಿ ಆದೇಶ ಮಾಡಬಹುದು. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ, ಅಭಿವೃದ್ಧಿಯ ದುಡ್ಡಿನಲ್ಲಿ ನ್ಯಾಯವಾದ ಪಾಲು, ನೌಕರಿ ಮತ್ತು ಓದಿನಲ್ಲಿ ನ್ಯಾಯವಾದ ಅವಕಾಶ. 2013ರಲ್ಲಿ ಆ ಆದೇಶ ಬಂತು. ನವೆಂಬರಿನಲ್ಲಿ ರಾಜ್ಯಪಾಲರ ಹೆಸರಿನಲ್ಲಿ ಮೀಸಲಾತಿಯ ಆದೇಶಗಳು ಹೊರಟವು: ಈ ಭಾಗದ ಡಿ ದರ್ಜೆ ಹುದ್ದೆಗಳಲ್ಲಿ ಶೇ 85, ಸಿ ದರ್ಜೆಯಲ್ಲಿ ಶೇ 80, ಅದರ ಮೇಲಿನವಕ್ಕೆ ಶೇ 75 ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ ಶೇ 8. ಇಲ್ಲಿನ ಕಾಲೇಜುಗಳ ಸೀಟಿನಲ್ಲಿ ಶೇ 70.

ಆ ಒಂದು ಕಾಗದದಿಂದ ಲಿಂಗಸುಗೂರು, ಕುಷ್ಟಗಿ, ಸಿರುಗುಪ್ಪದ ಹಳ್ಳಿಗಳಲ್ಲಿ ಎಷ್ಟು ಮನೆಯ ಮಕ್ಕಳು ಎಂಬಿಬಿಎಸ್ ಸೇರಿದರು, ಪಿಡಿಒ ಆದರು, ಪಿಎಸ್‌ಐ ಆದರು ಅಂತ ನಿಮ್ಮ ನಿಮ್ಮ ಓಣಿಯಲ್ಲೇ ಎಣಿಸಿಕೊಳ್ಳಿ. ಇದಕ್ಕಾಗಿ ದಶಕಗಟ್ಟಲೆ ಹೋರಾಡಿದವರು ವೈಜನಾಥ ಪಾಟೀಲರಂಥವರು. ದಿಲ್ಲಿಯಲ್ಲಿ ಬೆನ್ನು ಹತ್ತಿದವರು ಖರ್ಗೆ, ಧರ್ಮಸಿಂಗ್. ಶ್ರೇಯಸ್ಸು ಅವರದು, ರಾಜಭವನದ್ದಲ್ಲ. ನಾನು ಹೇಳುವುದು ಇಷ್ಟೇ, ಕೂಗಾಡಿದ ರಾಜ್ಯಪಾಲರಿಗಿಂತ ಸಂವಿಧಾನ ತೋರಿಸಿದ ಕಡೆ ಸಹಿ ಹಾಕಿದ ರಾಜ್ಯಪಾಲರು ನಮಗೆ ಹೆಚ್ಚು ಕೆಲಸಕ್ಕೆ ಬಂದರು. ಇಬ್ಬರೂ ಒಬ್ಬರೇ ಆಗಿದ್ದರು ಅನ್ನುವುದು ಬೇರೆ ಮಾತು.

ಆದರೆ ಹೊಣೆ ಒಂದು ಸಹಿಗೆ ಮುಗಿಯುತ್ತದೆಯೇ? ನನ್ನ ತಕರಾರು ಇರುವುದು ಇಲ್ಲಿ. ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಮಂಡಳಿಯ ಬೋರ್ಡು ಬದಲಾಯಿತು, ಬಜೆಟ್ಟಿನಲ್ಲಿ ಮಂಡಳಿಗೆ ವರ್ಷಕ್ಕೆ 5 ಸಾವಿರ ಕೋಟಿ ರೂಪಾಯಿ ಅಂತ ಘೋಷಣೆಯೂ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳನ್ನು ಹುಡುಕಬೇಕೆಂದರೆ ಇವತ್ತಿಗೂ ಕೆಳಗಿನಿಂದ ಶುರು ಮಾಡುವುದು ಸುಲಭ. ಶಾಲೆಗೆ ಗಣಿತದ ಮೇಷ್ಟ್ರು ಇಲ್ಲ, ಆಸ್ಪತ್ರೆಗೆ ಹೆರಿಗೆ ಡಾಕ್ಟರು ಇಲ್ಲ, ಮೀಸಲಾದ ಹುದ್ದೆ ಖಾಲಿಯೇ ಕೂತಿದ್ದರೆ ಶೇ 80 ತಗೊಂಡು ಏನು ಮಾಡುವುದು? ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವು. ಅವು ಈಗ ಎಲ್ಲಿವೆ ಅಂತ ವಿಶೇಷ ಹೊಣೆ ಹೊತ್ತವರು ವರ್ಷಕ್ಕೊಮ್ಮೆಯಾದರೂ ಬರಹದಲ್ಲಿ ಕೇಳಬೇಕೋ ಬೇಡವೋ?

ರಾಜ್ಯಪಾಲರು ನಮ್ಮ ಕಡೆ ಬರುವುದೇ ಇಲ್ಲ ಅಂತಲ್ಲ. ಘಟಿಕೋತ್ಸವಕ್ಕೆ ಬರುತ್ತಾರೆ, ಬಳ್ಳಾರಿ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ಕೊಡುತ್ತಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ನಾಡೋಜ ಕೊಡುತ್ತಾರೆ. ನಿಲುವಂಗಿ, ಬ್ಯಾಂಡು, ಗುಂಪು ಫೋಟೊ. ಅದೂ ಬೇಕು, ಹಳ್ಳಿಯಿಂದ ಬಂದ ತಾಯಿಗೆ ಮಗಳು ರಾಜ್ಯಪಾಲರ ಕೈಯಿಂದ ಪದಕ ತಗೊಂಡಳು ಅನ್ನುವುದು ಸಣ್ಣ ಮಾತಲ್ಲ. ಅದೇ ಪ್ರವಾಸದಲ್ಲಿ ಇನ್ನರ್ಧ ದಿನ ಕೂತು, ಈ ಭಾಗದಲ್ಲಿ ಮೀಸಲಾದ ಹುದ್ದೆ ಎಷ್ಟು ಖಾಲಿ, ಹೊರಗಿನ ಶೇ 8 ಎಲ್ಲೆಲ್ಲಿ ಪಾಲಿಸಿಲ್ಲ, ಮಂಡಳಿಯ ದುಡ್ಡಲ್ಲಿ ಮಾರ್ಚಿಗೆ ಉಳಿದದ್ದೆಷ್ಟು ಅಂತ ಕೇಳಿ, ಕೇಳಿದ್ದನ್ನೂ ಬಂದ ಉತ್ತರವನ್ನೂ ರಾಜಭವನದ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಅಧಿಕಾರಕ್ಕೂ ಕೈ ಹಾಕಿದಂತೆ ಆಗುವುದಿಲ್ಲ.

ಇದನ್ನು ಓದಲು ಕೊಟ್ಟಾಗ ನಮ್ಮ ಕೋರ್ಟಿನ ಹಿರಿಯ ವಕೀಲರೊಬ್ಬರು ತಲೆ ಅಲ್ಲಾಡಿಸಿದರು. "ತಮ್ಮಾ, ಇವತ್ತು ಕೇಳ್ರಿ ಅಂತಿ, ನಾಳೆ ಅವರು ಆರ್ಡರ್ ಮಾಡಾಕ ಶುರು ಮಾಡ್ತಾರ. ನಾಗಾಲ್ಯಾಂಡಿನ 371ಎ ಓದು, ಅಲ್ಲಿ ಕಾನೂನು ಸುವ್ಯವಸ್ಥೆಗೆ ರಾಜ್ಯಪಾಲರ ಸ್ವಂತ ವಿವೇಚನೆ ಅಂತ ಬಾಯಿಬಿಟ್ಟು ಬರದಾರ. ನಮ್ಮ ಜೆದಾಗ ಆ ಮಾತಿಲ್ಲ. ಮಂತ್ರಿಮಂಡಲ ಹೇಳಿದ್ದ ಆಗಬೇಕು." ಅವರ ಭಯಕ್ಕೆ ಆಧಾರವಿದೆ. ಪಕ್ಕದ ಮರಾಠವಾಡ ನೋಡಿ, ನಮ್ಮ ಹಾಗೆ ನಿಜಾಮರ ಸೀಮೆಯೇ. ಅಲ್ಲಿ 1994ರಿಂದ ಅಭಿವೃದ್ಧಿ ಮಂಡಳಿ ಇತ್ತು, ನೀರಾವರಿಯ ದುಡ್ಡು ಯಾವ ಭಾಗಕ್ಕೆ ಎಷ್ಟು ಅಂತ ಮಹಾರಾಷ್ಟ್ರದ ರಾಜ್ಯಪಾಲರು ನಿರ್ದೇಶನವನ್ನೇ ಕೊಡುತ್ತಿದ್ದರು. ಆರಿಸಿ ಬಂದ ಸರ್ಕಾರಕ್ಕೆ ಆರಿಸಿ ಬಾರದವರು ದುಡ್ಡಿನ ಲೆಕ್ಕ ಬರೆದುಕೊಡುವುದು ನನಗೂ ಬೇಡ. 2020ರ ಏಪ್ರಿಲಿನಲ್ಲಿ ಆ ಮಂಡಳಿಗಳ ಅವಧಿ ಮುಗಿಯಿತು. ಮರಾಠವಾಡದ ಬರ ಮುಗಿದಿಲ್ಲ.

ಹಾಗಾಗಿ ನಿರ್ದೇಶನ ಬೇಡ, ಗುಡುಗು ಬೇಡ, ಫೈಲಿನ ಮೇಲೆ ಕೂರುವುದಂತೂ ಬೇಡವೇ ಬೇಡ. ವಕೀಲರಿಗೂ ಹೇಳಿದೆ, "ಸರ್, ಕೇಳೋದಕ್ಕ ವಿವೇಚನಾಧಿಕಾರ ಯಾಕ್ ಬೇಕ್ರಿ? ರಾಜ್ಯದ ಆಡಳಿತದ ಮಾಹಿತಿ ತರಿಸ್ಕೊಳ್ಳೋ ಹಕ್ಕು ಪ್ರತಿ ರಾಜ್ಯಪಾಲರಿಗೆ 167ನೇ ವಿಧಿದಾಗ ಐತೆಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡು "ಅದು ಖರೆ" ಅಂದರು. ಅಷ್ಟು ಒಪ್ಪಿದ್ದೇ ದೊಡ್ಡದು.

ಇನ್ನೊಂದು ಬಾಗಿಲು ನಮ್ಮ ಕೈಯಲ್ಲೇ ಇದೆ, ಅದಕ್ಕೆ ರಾಜಭವನವೂ ಬೇಕಿಲ್ಲ. ಮಂಡಳಿಯ ವಾರ್ಷಿಕ ವರದಿ ವಿಧಾನಸಭೆಯ ಮುಂದೆ ಬರಬೇಕು ಅಂತ ಸಂವಿಧಾನವೇ ಹೇಳುತ್ತದೆ. ಬಂದ ಕಾಗದ ಮೇಜಿನ ಮೇಲೆ ಇಟ್ಟರೆ ಸಾಲದು, ಅದರ ಮೇಲೆ ಚರ್ಚೆಗೆ ಸಮಯ ಕೊಡಿ ಅಂತ ನಮ್ಮ ಮೂರು ಜಿಲ್ಲೆಯ 17 ಶಾಸಕರು ಪಕ್ಷ ಮರೆತು ಒಂದು ದಿನ ಎದ್ದು ನಿಲ್ಲಲಿ. ಸಿಂಧನೂರು, ಮಸ್ಕಿ ಕಡೆಯ ಗೆಳೆಯರು ಯಾರಾದರೂ ಬೆಳಗಾವಿ ಅಧಿವೇಶನಕ್ಕೆ ಮುಂಚೆ ಶಾಸಕರನ್ನು ಕಾಣುವುದಿದ್ದರೆ ಕಾಮೆಂಟಿನಲ್ಲಿ ಹೇಳಿ. ನಾನೂ ಬರುತ್ತೇನೆ, ಕೇಳಬೇಕಾದ ಪ್ರಶ್ನೆಗಳನ್ನು ಟೈಪ್ ಮಾಡಿಸಿಕೊಂಡೇ ಬರುತ್ತೇನೆ.